ತೋಳದ ಕ್ಯಾಸೆಟ್ಟು ಮತ್ತು ನಿನ್ನ ಮೇಕಿಂಗ್ ಕೆಲಸ

ಹಾಸನ
ಭಾನುವಾರ ಸಂಜೆ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ.

ಮೊನ್ನೆ ಫೋನಿನಲ್ಲಿ ಅತ್ತುಬಿಟ್ಟೆಯಲ್ಲ ಪುಟ್ಟಿ. ಅಸಿಸ್ಟೆಂಟ್ ಡೈರೆಕ್ಟರ್ ಅಂತ ಕರೆಸಿಕೊಂಡು, ಕೈಗೊಂದು ಸಣ್ಣ ಕ್ಯಾಮೆರಾ ಕೊಟ್ಟು, "ಮೇಕಿಂಗ್ ವಿಡಿಯೋ ನೀನು ನೋಡ್ಕೊ" ಅಂದರಂತೆ, ಅಂದರೆ ಸಿನಿಮಾ ತಯಾರಾಗುವುದನ್ನೇ ಚಿತ್ರೀಕರಿಸುವ ಕೆಲಸ. ಎಲ್ಲರೂ ಸಿನಿಮಾ ಮಾಡ್ತಾರೆ, ನಾನು ಅವರು ಟೀ ಕುಡಿಯೋದನ್ನ ಶೂಟ್ ಮಾಡ್ತೀನಿ ಅಂದೆ. ಆಗ ನನಗೆ ಮಾತೇ ಹೊಳೆಯಲಿಲ್ಲ. ಫೋನಿನಲ್ಲಿ ನಾನು ಯಾವತ್ತೂ ಹೀಗೇ. ಅದಕ್ಕೇ ಈ ಕಾಗದ.

ನನ್ನ ಕ್ಯಾಸೆಟ್ ಅಂಗಡಿ ನಿನಗೆ ನೆನಪಿರಲಿಕ್ಕಿಲ್ಲ. ನಿನಗೆ ಬುದ್ಧಿ ಬರುವ ಹೊತ್ತಿಗೆ ಅದು ರೀಚಾರ್ಜ್ ಅಂಗಡಿಯಾಗಿತ್ತು. ಅದಕ್ಕೂ ಮೊದಲು ಒಂದು ಟಿವಿ, ಕ್ಯಾಸೆಟ್ಟು ಓಡಿಸುವ ಒಂದು ವಿಸಿಪಿ, ಮೂರು ಕ್ಯಾಸೆಟ್ಟು ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಕೊಡುತ್ತಿದ್ದೆ. ಇಂಗ್ಲಿಷ್ ಸಿನಿಮಾ ಕೇಳುವವರು ಕಮ್ಮಿ. ಆದರೆ 'ತೋಳದ ಕ್ಯಾಸೆಟ್ಟು' ಮಾತ್ರ ಅಂಗಡಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. 'ಆನ್ ಅಮೇರಿಕನ್ ವೇರ್‌ವುಲ್ಫ್ ಇನ್ ಲಂಡನ್', 1981ರದ್ದು. ಆ ಕಾಪಿ ನನಗೆ ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡ.

ಆ ಟೇಪು ಒಂದೇ ಒಂದು ಜಾಗದಲ್ಲಿ ಸವೆದಿತ್ತು. ಹುಡುಗ ತೋಳ ಆಗುವ ಜಾಗ. ತಗೊಂಡು ಹೋದವರೆಲ್ಲ ಅಲ್ಲಿಗೆ ಬಂದು ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ಮತ್ತೆ ಓಡಿಸಿ, ಪರದೆ ಮೇಲೆ ಬಿಳಿ ಗೆರೆ ಬರೋ ಹಾಗೆ ಮಾಡಿಟ್ಟಿದ್ದರು. ನನ್ನ ಪಾಲೂ ಅದರಲ್ಲಿ ಸಾಕಷ್ಟಿತ್ತು. ಹಿಂದಕ್ಕೆ ಓಡಿಸುವಾಗ ಮೈಮೇಲಿನ ಕೂದಲು ಸರಸರ ಅಂತ ಚರ್ಮದೊಳಕ್ಕೆ ಹೋಗುತ್ತಿತ್ತು. ವಿಚಿತ್ರ ಅಂದರೆ, ಹಾಗೆ ನೋಡಿದಾಗಲೂ ಸುಳ್ಳು ಅನ್ನಿಸುತ್ತಿರಲಿಲ್ಲ.

ಹೋದ ವರ್ಷ ಆ ಸಿನಿಮಾದ ಹಿಂದಿನ ಕಥೆ ಹೇಳುವ ಡಾಕ್ಯುಮೆಂಟರಿ ಸಿಕ್ಕಿತು. 'ಬಿವೇರ್ ದ ಮೂನ್' ಅಂತ. ಪಾಲ್ ಡೇವಿಸ್ ಎನ್ನುವ ಅಭಿಮಾನಿ 2009ರಲ್ಲಿ ಮಾಡಿದ್ದು. ಆಗ ಇನ್ನಷ್ಟು ಹುಡುಕಿ ಓದಿದೆ. ರಿಕ್ ಬೇಕರ್ ಅಂತ ಮೇಕಪ್ ಮಾಡಿದವನು. ಸುಳ್ಳು ಚರ್ಮಕ್ಕೆ ಕೂದಲು ಪೋಣಿಸಿ, ಅದನ್ನು ಹಿಂದಿನಿಂದ ಒಳಕ್ಕೆ ಎಳೆಯುವಾಗ ಚಿತ್ರೀಕರಿಸಿ, ಆಮೇಲೆ ಉಲ್ಟಾ ಓಡಿಸಿದ್ದಾರೆ! ಅಂದರೆ ನಾನು ಹಾಸನದ ಅಂಗಡಿಯಲ್ಲಿ ಕೂತು ರಿವೈಂಡ್ ಒತ್ತಿ ನೋಡುತ್ತಿದ್ದೆನಲ್ಲ, ಅದೇ ನಿಜವಾಗಿ ನಡೆದ ಕೆಲಸ. ಇಷ್ಟು ವರ್ಷ ಆದ ಮೇಲೆ ಗೊತ್ತಾಯಿತು ನೋಡು. ಒಬ್ಬನೇ ನಗುತ್ತಿದ್ದೆ, ದೊಡ್ಡಮ್ಮ ಒಳಗಿನಿಂದ ಬಂದು ಏನಾಯಿತು ಅಂತ ಕೇಳಿದಳು.

ನಿನಗೆ ಕೊಟ್ಟಿರುವುದು ಇದೇ ಕೆಲಸ ಕಣಮ್ಮ.

ಆ ದೃಶ್ಯದಲ್ಲಿ ಕತ್ತಲೆ ಇಲ್ಲ. ಮನೆಯ ಹಾಲ್, ದೀಪ ಉರಿಯುತ್ತಿದೆ, ಹಿಂದೆ ಒಂದು ಹಳೇ ಹಾಡು. ಜಾನ್ ಲ್ಯಾಂಡಿಸ್ ಎನ್ನುವ ಡೈರೆಕ್ಟರಿಗೆ ಎಲ್ಲವೂ ಬೆಳಕಿನಲ್ಲೇ ಆಗಬೇಕಿತ್ತು, ನೋವು ಕಾಣಬೇಕಿತ್ತು. ಕತ್ತಲಿದ್ದರೆ ಮೇಕಪ್ಪಿನ ತಪ್ಪು ಮುಚ್ಚಿಹೋಗುತ್ತದೆ. ಬೆಳಕಿನಲ್ಲಿ ಎಲ್ಲಿ ಮುಚ್ಚುತ್ತೀಯ? ಉದ್ದವಾಗುವ ಕೈ ರಬ್ಬರಿನದು. ಒಳಗಿನ ಭಾಗಗಳನ್ನು ಸಿರಿಂಜಿನಿಂದ ತಳ್ಳುತ್ತಿದ್ದರು. ಇನ್ನೊಂದು ಶಾಟಿನಲ್ಲಿ ನಟ ಡೇವಿಡ್ ನಾಟನ್ ನೆಲಕ್ಕೆ ಮಾಡಿದ ತೂತಿನೊಳಗೆ ಇಳಿದಿದ್ದಾನೆ. ಮೇಲೆ ಕಾಣುವ ತಲೆ, ಕೈ ಅವನದು, ಉಳಿದ ಮೈ ಸುಳ್ಳು. ಸೆಟ್ಟಿನಲ್ಲಿ ನೀನು ಇಂಥ ನೆಲದ ಕೆಳಗೆ ಹೋಗಿ ನಿಲ್ಲಬೇಕು. ಮೇಲಿನದನ್ನು ಹೇಗೂ ದೊಡ್ಡ ಕ್ಯಾಮೆರಾ ನೋಡಿಕೊಳ್ಳುತ್ತದೆ. ಸಿರಿಂಜು ಒತ್ತುವ ಕೈ ಯಾರದು, ಎಷ್ಟು ಹೊತ್ತು ಒತ್ತಿದರು, ಬೆರಳು ನೋಯಿತಾ, ಕೇಳು. ಬೇಕರನಿಗೇ ಆಗ ಮೂವತ್ತು, ಅವನ ಜೊತೆಗಿದ್ದವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರೂ ಇದ್ದರು.

ಬೇಕರನದೇ ಇನ್ನೊಂದು ಮಾತಿದೆ. ತಿಂಗಳುಗಟ್ಟಲೆ ಕೂತು ಮಾಡಿದ ತಲೆ, ಮೂತಿ ಮುಂದಕ್ಕೆ ಚಾಚುವ ತಲೆ. ಲ್ಯಾಂಡಿಸ್ ಅದನ್ನು ಒಂದೇ ಶಾಟ್ ತೆಗೆದು ಸಾಕು ಅಂದುಬಿಟ್ಟ. ಬೇಕರನ ಮುಖ ಸಣ್ಣದಾಯಿತು. ಥಿಯೇಟರಿನಲ್ಲಿ ಜನ ಚಪ್ಪಾಳೆ ಹೊಡೆದಾಗಲೇ ಅವನಿಗೆ ಸಮಾಧಾನ. ಇಂಥ ಬೇಜಾರುಗಳನ್ನು ಕೇಳಿ ತೆಗೆ ಪುಟ್ಟಿ. "ಒಂದು ಫ್ಯಾಮಿಲಿ ಥರ ಇದ್ವಿ" ಅನ್ನುವ ಮಾತು ಎಲ್ಲಾ ಮೇಕಿಂಗ್ ವಿಡಿಯೋದಲ್ಲೂ ಇರುತ್ತದೆ, ಅದರಿಂದ ನೋಡುವವರಿಗೆ ಏನೂ ಸಿಗೋದಿಲ್ಲ.

ಸತ್ತ ಮೇಲೂ ಎದ್ದು ಬರುವ ಗೆಳೆಯನ ಪಾತ್ರ ಮಾಡಿದ ಗ್ರಿಫಿನ್ ಡನ್, ಮೇಕಪ್ ಆದ ಮೇಲೆ ಕನ್ನಡಿ ನೋಡಿಕೊಂಡು ಮಂಕಾಗಿ ಕೂತುಬಿಟ್ಟನಂತೆ. ಸಿನಿಮಾದಲ್ಲಿ ಅವನು ಆಸ್ಪತ್ರೆಗೆ ಬಂದು ಮಾತಾಡುವಾಗ ಕತ್ತಿನ ಹತ್ತಿರ ಒಂದು ಚೂರು ಚರ್ಮ ಅಲ್ಲಾಡುತ್ತಿರುತ್ತದೆ. ಭಯಕ್ಕಿಂತ ನಗು ಜಾಸ್ತಿ ಬರುತ್ತದೆ. ಅದೇ ಹೊತ್ತಿಗೆ ಆ ನಟ ತನ್ನ ಹೆಣ ತಾನೇ ನೋಡಿ ಬೇಸರಪಟ್ಟಿದ್ದ. ಮೇಕಪ್ ಕುರ್ಚಿಯ ಮೇಲೆ ಕೂತವರು ಮೊದಲ ಸಲ ಕನ್ನಡಿ ನೋಡುವ ಗಳಿಗೆ ಇದೆಯಲ್ಲ, ಅದನ್ನು ತಪ್ಪಿಸಿಕೊಳ್ಳಬೇಡ.

ನನಗೆ ಇನ್ನೂ ಅವಕಾಶ ಬಂದಿಲ್ಲ ಅಂದೆಯಲ್ಲ. ಲ್ಯಾಂಡಿಸ್ ಈ ಕಥೆ ಬರೆದದ್ದು 1969ರಲ್ಲಿ. ಯುಗೊಸ್ಲಾವಿಯಾದಲ್ಲಿ ಬೇರೆಯವರ ಯುದ್ಧದ ಸಿನಿಮಾಗೆ ಓಡಾಡಿಕೊಂಡಿದ್ದ ಹುಡುಗ. ರಸ್ತೆ ಕೂಡುವ ಜಾಗದಲ್ಲಿ ಒಂದು ಹೆಣವನ್ನು ಬಟ್ಟೆ ಸುತ್ತಿ, ಬೆಳ್ಳುಳ್ಳಿ ಇಟ್ಟು, ಕಾಲು ಕೆಳಗಾಗಿ ಹೂಳುವುದನ್ನು ನೋಡಿದ. ಎದ್ದು ಬರಬಾರದು ಅಂತ. ಅಲ್ಲಿ ಹುಟ್ಟಿದ ಕಥೆ. ದುಡ್ಡು ಹಾಕುವವರಿಗೆ ಇದು ನಗಿಸುವ ಸಿನಿಮಾನೋ ಹೆದರಿಸುವ ಸಿನಿಮಾನೋ ಅರ್ಥವಾಗಲಿಲ್ಲ. ಹತ್ತು ವರ್ಷಕ್ಕೂ ಜಾಸ್ತಿ ಕಾಯಿತು ಆ ಸ್ಕ್ರಿಪ್ಟು. ಮೇಕಪ್ಪಿಗೆ ಅಂತ ವರ್ಷವರ್ಷ ಆಸ್ಕರ್ ಕೊಡಲು ಶುರು ಮಾಡಿದಾಗ ಮೊದಲನೆಯದು ಬೇಕರನಿಗೇ ಹೋಯಿತು. ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ನಿನಗೆ ಗೊತ್ತಲ್ಲ, ಅದೂ ಇದೇ ಜೋಡಿಯ ಕೆಲಸ.

ಇನ್ನೊಂದು ಮಾತು. ಕೊನೆಯಲ್ಲಿ ಲಂಡನ್ನಿನ ಪಿಕಡಿಲಿ ಸರ್ಕಸ್ಸಿನಲ್ಲಿ ಕಾರು, ಬಸ್ಸು ಒಂದಕ್ಕೊಂದು ಗುದ್ದುತ್ತವೆ. ನಡುರಾತ್ರಿ ಕಳೆದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಟ್ರಾಫಿಕ್ ತಡೆದು ತೆಗೆದದ್ದು. ನೋಡಲು ಬಲೇ ಮಜಾ. ಆದರೆ ಮರುವರ್ಷ, 1982ರಲ್ಲಿ, ಇದೇ ಲ್ಯಾಂಡಿಸ್‌ನ ಇನ್ನೊಂದು ಶೂಟಿಂಗಿನಲ್ಲಿ ಹೆಲಿಕಾಪ್ಟರ್ ಬಿದ್ದು ನಟ ವಿಕ್ ಮಾರೋ, ಜೊತೆಗೆ ಇಬ್ಬರು ಮಕ್ಕಳು ಸತ್ತರು. ಕೋರ್ಟು 1987ರಲ್ಲಿ ಅವನನ್ನು ಬಿಡುಗಡೆ ಮಾಡಿತು. ಮಕ್ಕಳು ಹೋದದ್ದು ಹೋದದ್ದೇ. ನಿಮ್ಮ ಸೆಟ್ಟಿನಲ್ಲಿ ಹಗ್ಗ ಸಡಿಲ ಇದೆ, ಬೆಂಕಿ ಹತ್ತಿರ ಆಯಿತು ಅಂತ ಕಂಡರೆ ಮೊದಲು ಕ್ಯಾಮೆರಾ ಕೆಳಗಿಟ್ಟು ಬಾಯಿ ಬಿಡು. ಬೈದರೆ ಬೈಸಿಕೊ.

ಅಜ್ಜನ ವಿಡಿಯೋ ಇದೆಯಾ ಅಂತ ಹೋದ ದೀಪಾವಳಿಗೆ ನೀನು ಕೇಳಿದ್ದೆ. ನಾನು ಇಲ್ಲ ಅಂದಿದ್ದೆ. ಅದು ಪೂರ್ತಿ ನಿಜ ಅಲ್ಲ. ಅಂಗಡಿ ಜೊತೆಗೆ ನಾನು ಮದುವೆ ವಿಡಿಯೋನೂ ಮಾಡುತ್ತಿದ್ದೆ. 1991ರಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಮೂರು ಗಂಟೆಯ ಕ್ಯಾಸೆಟ್ಟು ತುಂಬಾ ಮಂಟಪ, ಸೀರೆ, ಉಡುಗೊರೆ ಕೊಡುವವರ ಸಾಲು. ಊಟದ ಪಂಕ್ತಿಯಲ್ಲಿ ಬೀಗರ ಮುಖ ಹಿಡಿಯುತ್ತಿರುವಾಗ ಬಲಗಡೆಯಿಂದ ಒಂದು ಕೈ ಬರುತ್ತದೆ. ತೋಳು ಮಡಿಚಿದ ಬಿಳಿ ಅಂಗಿ, ಸೌಟು. ಸಾರು ಬಡಿಸಿ ಮುಂದಕ್ಕೆ ಹೋಗುತ್ತದೆ. ಅದು ನಿನ್ನ ಅಜ್ಜ. ನಿಮ್ಮಪ್ಪನ ಮದುವೆ ಹೊತ್ತಿಗೆ ಅವರಿರಲಿಲ್ಲ. ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ಒಂದು ಗೇಣು ಬಲಕ್ಕೆ ತಿರುಗಿಸಲಿಲ್ಲ.

ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಬೆಂಗಳೂರಿನಲ್ಲಿ ಸರಿಮಾಡಿ ಕಂಪ್ಯೂಟರಿಗೆ ಹಾಕಿಕೊಡುವವರು ಇದ್ದರೆ ವಿಚಾರಿಸು. ನಿಮ್ಮಪ್ಪ ಮುಂದಿನ ಸಲ ಬಂದಾಗ ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ