ಉಬುದ್‌ಗೆ ಹೊರಟ ಪುಟ್ಟಿಗೆ, ಮಂಗಗಳ ವಿಷಯವಾಗಿ

ಬದಿಯಡ್ಕ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಮಳೆ ಜೋರು. ಕರೆಂಟು ಹೋಗಿ ಎರಡು ದಿನವಾಯಿತು, ಫೋನಿನಲ್ಲಿ ಚಾರ್ಜಿಲ್ಲ, ಅದಕ್ಕೇ ಕಾಗದ. ಆಟಿ ತಿಂಗಳಲ್ಲಿ, ಜುಲೈ-ಆಗಸ್ಟಿನ ಹೊತ್ತಿಗೆ, ನೀನು ಗೆಳತಿಯರ ಜೊತೆ ಬಾಲಿಗೆ ಹೊರಟಿದ್ದೀ ಎಂದು ನಿನ್ನಪ್ಪ ಹೇಳಿದ. ಕಾಲ ನೋಡಿಯೇ ಹೊರಟಿದ್ದೀ. ಭೂಮಧ್ಯರೇಖೆಯ ಆಚೆಗಿನ ಊರು ಅದು. ಇಲ್ಲಿ ನಮಗೆ ತೋಟಕ್ಕೆ ಮದ್ದು ಬಿಡಲಿಕ್ಕೆ ಒಂದು ಹೊಳವು ಸಿಗದ ಹೊತ್ತಿಗೆ ಅಲ್ಲಿ ಬಿಸಿಲು. ಅಲ್ಲಿಯ ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ.

2023ರಲ್ಲಿ ಸಿಂಗಾಪುರದ ನಿನ್ನಣ್ಣ ನನ್ನನ್ನೂ ದೊಡ್ಡಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋದದ್ದು ನಿನಗೆ ಗೊತ್ತು. ಉಬುದಿನಲ್ಲಿ ನಾಲ್ಕು ದಿನ ಇದ್ದೆವು. ಆ ನಾಲ್ಕು ದಿನದ ಅಧಿಕಾರದಿಂದಲೇ ಇಷ್ಟು ಬರೆಯುತ್ತಿದ್ದೇನೆ, ಓದಿಕೋ.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ಇಳಿದ ಕೂಡಲೇ ವೀಸಾಕ್ಕೆ 5 ಲಕ್ಷ ರುಪಿಯಾ, ಮೇಲೆ ಪ್ರವಾಸಿಗಳ ತೆರಿಗೆ 1.5 ಲಕ್ಷ. ಈ ಎರಡನೆಯದು 2024ರ ಫೆಬ್ರವರಿಯಿಂದ ಬಂದದ್ದು, ನಾವು ತಪ್ಪಿಸಿಕೊಂಡೆವು. ಸೊನ್ನೆ ಎಣಿಸಿ ಹೆದರಬೇಡ, ಎರಡೂ ಸೇರಿ ನಮ್ಮ ಮೂರೂವರೆ ಸಾವಿರದ ಆಸುಪಾಸು. ಊಟಕ್ಕೆ ತೆಂಪೆ ಎಂಬ ಸೋಯಾದ ತುಂಡು ಸಿಗುತ್ತದೆ, ನೆಲಕಡಲೆ ಅರೆದು ಹಾಕಿದ ಗಾಡೊ ಗಾಡೊ ಸಿಗುತ್ತದೆ. ಆದರೆ ಅಲ್ಲಿಯ ಚಟ್ನಿಗೆ ಸಿಗಡಿ ಅರೆದ ‘ತೆರಾಸಿ’ ಬೀಳುವುದುಂಟು. ಕೇಳದೆ ಬಾಯಿಗಿಡಬೇಡ. ನಿನ್ನ ದೊಡ್ಡಮ್ಮ ಒಂದು ತುತ್ತು ತಿಂದು, ರುಚಿಯಾಗಿದೆ ಎಂದು ಹೇಳಿ, ಆಮೇಲೆ ಸಂಗತಿ ತಿಳಿದು ಮೂರು ದಿನ ನನ್ನ ಮೇಲೆ ಸಿಟ್ಟು ಮಾಡಿದಳು.

ಇನ್ನು ಮಂಗಗಳ ವಿಷಯ. ಪೇಟೆಯ ತೆಂಕು ತುದಿಯಲ್ಲೇ ಆ ಕಾಡು. ಬೋರ್ಡಿನಲ್ಲಿ ‘ಮಂಡಲ ಸುಚಿ ವೆನಾರ ವನ’ ಎಂದು ಇದೆ. ಓದಿ ಹೇಳಿದ್ದೇ ತಡ, “ಇದು ನಮ್ಮ ವಾನರ ವನವೇ ಅಲ್ಲವೋ!” ಎಂದಳು ದೊಡ್ಡಮ್ಮ. ಹೌದು. ಸುಮಾರು 12.5 ಹೆಕ್ಟೇರ್, ಅಂದರೆ ನಮ್ಮ ಮೂವತ್ತು ಎಕರೆ ಚಿಲ್ಲರೆ. ಅದರೊಳಗೆ ಸಾವಿರಕ್ಕೂ ಮೀರಿದ ಮಂಗಗಳು. ನಮ್ಮ ನಾಲ್ಕು ಎಕರೆ ತೋಟಕ್ಕೆ ಹದಿನೆಂಟು ಮಂಗಗಳ ಹಿಂಡು ಬಂದರೆ ನಾನು ಗರ್ನಾಲು ಹಿಡಿದುಕೊಂಡು ಓಡುತ್ತೇನೆ. ಅಲ್ಲಿಯ ಲೆಕ್ಕದಲ್ಲಿ ನಮ್ಮ ತೋಟದಲ್ಲಿ ನೂರ ಮೂವತ್ತು ಮಂಗಗಳಿರಬೇಕು!

ಜಾತಿ ಬೇರೆ. ನಮ್ಮ ಮಂಗನ ತಲೆಯಲ್ಲಿ ಬೈತಲೆ ತೆಗೆದು ಬಾಚಿದ ಹಾಗೆ ಕೂದಲಿನ ಟೊಪ್ಪಿ. ಅಲ್ಲಿಯ ಮಂಗನದ್ದು ಬೂದು ಮೈ, ನೆತ್ತಿಯಲ್ಲಿ ಎದ್ದು ನಿಂತ ಜುಟ್ಟು, ಕೆನ್ನೆಯಲ್ಲಿ ಮೀಸೆಗಡ್ಡ. ಬುದ್ಧಿ ಮಾತ್ರ ಎರಡಕ್ಕೂ ಒಂದೇ. ಕೊಕ್ಕೊ ಕಾಯಿ ಹಣ್ಣಾಗುವ ದಿನ ನನಗಿಂತ ಮೊದಲು ಗೊತ್ತಾಗುವುದು ನಮ್ಮ ಮಂಗಗಳಿಗೆ. ಹಾಗೆಯೇ ಯಾರ ಚೀಲದಲ್ಲಿ ಏನಿದೆ ಎಂಬುದು ಅಲ್ಲಿಯವಕ್ಕೆ.

ನಮಗಾದದ್ದು ಹೇಳುತ್ತೇನೆ. ತಪ್ಪು ಪೂರಾ ನಮ್ಮದೇ. ಬಾಗಿಲಿನಲ್ಲಿ ಬರೆದದ್ದನ್ನು ನಾನು ಓದಿ ಹೇಳಿದ್ದೆ: ತಿಂಡಿ ತರಬೇಡಿ, ಪ್ಲಾಸ್ಟಿಕ್ ಚೀಲ ಬೇಡ, ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಡಿ, ಓಡಬೇಡಿ. ನಿನ್ನ ದೊಡ್ಡಮ್ಮ ತಲೆಯಾಡಿಸಿದಳು. ಅವಳ ವ್ಯಾನಿಟಿ ಬ್ಯಾಗಿನ ತಳದಲ್ಲಿ, ಕರ್ಚೀಫಿನ ಅಡಿಯಲ್ಲಿ, ಊರಿನಿಂದ ಹೊರಡುವಾಗ ಕರಿದು ತುಂಬಿದ ಹಲಸಿನ ಹಪ್ಪಳದ ಪ್ಲಾಸ್ಟಿಕ್ ತೊಟ್ಟೆ ಇತ್ತು. ಕೊರೆದ ಕಲ್ಲಿನ ಮೆಟ್ಟಿಲಿನಲ್ಲಿ ಕೂತು ಕನ್ನಡಕ ಒರೆಸಲಿಕ್ಕೆಂದು ಕರ್ಚೀಫು ಎಳೆದಳು. ತೊಟ್ಟೆ ಒಂದು ಸಲ, ಒಂದೇ ಸಲ, ಕರ್ ಎಂದಿತು. ಪಾಚಿ ಹಿಡಿದ ವಿಗ್ರಹದ ಹೆಗಲಿನಿಂದ ಒಂದು ತಾಯಿಮಂಗ ಇಳಿದು ಬಂತು, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಅವಸರ ಏನೂ ಇಲ್ಲ. ಅವಳ ಮಡಿಲಿಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಜಿಪ್ಪಿನ ತುದಿ ಹಿಡಿದು ಸರ್ರನೆ ಎಳೆಯಿತು. ಪುಟ್ಟೀ, ಆ ಬೆರಳಿನ ಉಗುರು ನಮ್ಮ ಮಕ್ಕಳ ಉಗುರಿನ ಹಾಗೆಯೇ ಇತ್ತು, ಕಪ್ಪು ಅಷ್ಟೇ. ಅದು ಹಪ್ಪಳ ತೆಗೆದುಕೊಂಡು ಹೋಗುತ್ತಿತ್ತು. ಇವಳು ಬಿಡಬೇಕಲ್ಲ! ತೊಟ್ಟೆಯ ಇನ್ನೊಂದು ತುದಿ ಹಿಡಿದೆಳೆದಳು. ಹಲ್ಲು ಕಿಸಿಯಿತು, ಕೈಯ ಹಿಂಬದಿಯಲ್ಲಿ ಎರಡು ಗೀರು.

ರಕ್ತ ಎರಡು ಹನಿ ಬಂದಿರಬಹುದು. ಅವಳಂತೂ “ಏನಾಗಿಲ್ಲ” ಎಂದು ಸೆರಗಿನಲ್ಲಿ ಒರೆಸಲು ಹೊರಟಿದ್ದಳು. ನಾನು ಬಿಡಲಿಲ್ಲ. ಹರಿಯುವ ನೀರು, ಸಾಬೂನು, ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದೆವು. ಅದೇ ದಿನ ಸೂಜಿ ಹಾಕಿಸಿದೆವು, ಉಳಿದದ್ದನ್ನು ಊರಿಗೆ ಬಂದು ಮುಗಿಸಿದೆವು. ಬಾಲಿಯಲ್ಲಿ 2008ರಿಂದ ನಾಯಿಗಳಲ್ಲಿ ಹುಚ್ಚುರೋಗ ಇದೆ, ಮಂಗನ ಗೀರನ್ನೂ ಹಗುರ ಮಾಡಬಾರದು. ಕಚ್ಚಿದ್ದಾಗಲಿ ಗೀರಾಗಲಿ, ಚರ್ಮ ಹರಿದು ರಕ್ತ ಬಂದರೆ ಸೂಜಿಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದೂ ಬೇಕಾಗುತ್ತದೆ. ಈ ಜಾತಿಯ ಮಂಗಗಳಲ್ಲಿ ಬಿ ವೈರಸ್ ಎಂಬುದೂ ಇರುತ್ತದೆ. ಮನುಷ್ಯರಿಗೆ ತಗಲುವುದು ತೀರ ಅಪರೂಪ, ತಗಲಿದರೆ ಮಿದುಳಿಗೇ ಹೋಗುತ್ತದೆ. ಅದಕ್ಕೇ ಡಾಕ್ಟರಲ್ಲಿ ಮಂಗ ಎಂದೇ ಬಿಡಿಸಿ ಹೇಳು, ನಾಚಿಕೆ ಮಾಡಿಕೊಂಡು ಮುಳ್ಳು ತಾಗಿತು ಎನ್ನಬೇಡ. ನೀನು ಮಾಡಿಸುವ ಇನ್ಶೂರೆನ್ಸಿನಲ್ಲಿ ಇದರ ಖರ್ಚು ಬರುತ್ತದೋ ಎಂದು ಹೋಗುವ ಮೊದಲೇ ಕೇಳಿಕೋ. (ನಮ್ಮ ಮಲೆನಾಡಿನ ಮಂಗನ ಕಾಯಿಲೆ ಬೇರೆ, ಅದು ಉಣುಗಿನಿಂದ ಬರುವುದು. ನಿನ್ನಮ್ಮ ಎರಡನ್ನೂ ಸೇರಿಸಿ ಹೆದರುತ್ತಿದ್ದಾಳೆ, ನೀನೇ ಬಿಡಿಸಿ ಹೇಳು.)

ತೆಗೆದುಕೊಂಡರೆ ಬಿಟ್ಟುಬಿಡು, ಇದೊಂದು ಮಾತು ನೆನಪಿರಲಿ. ಫೋನಾದರೆ ಎಳೆದಾಡಬೇಡ, ಅಲ್ಲಿಯ ಕೆಲಸದವರನ್ನು ಕರೆ. ತೆಂಕಿನ ಉಲುವಾತು ದೇವಸ್ಥಾನಕ್ಕೂ ಹೋಗುವುದಾದರೆ ಕನ್ನಡಕ ಚೀಲದೊಳಗೇ ಇರಲಿ. ಅಲ್ಲಿಯ ಮಂಗಗಳು ಕನ್ನಡಕ, ಚಪ್ಪಲಿ, ಫೋನು ಕಿತ್ತುಕೊಂಡು, ತಿನ್ನಲು ಕೊಟ್ಟ ಮೇಲೆ ವಾಪಸು ಕೊಡುತ್ತವೆ. ಯಾವ ಸಾಮಾನಿಗೆ ಜನ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಬೆಳೆದ ಮಂಗಗಳಿಗೆ ತಿಳಿದಿರುತ್ತದೆ ಎಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಅಡಕೆ ವ್ಯಾಪಾರಿಗಳೂ ಅವುಗಳ ಮುಂದೆ ಕೈಮುಗಿಯಬೇಕು.

ನೀವಾಗಿ ತಿನ್ನಿಸಲೂ ಹೋಗಬೇಡಿ. ಸಿಬ್ಬಂದಿ ದಿನಕ್ಕೆ ಮೂರು ಸಲ ಗೆಣಸು ಹಾಕುತ್ತಾರೆ, ಜೊತೆಗೆ ಪಪ್ಪಾಯ ಎಲೆ, ಜೋಳ, ಸೌತೆ. ಹಸಿದವು ಅಲ್ಲ ಅವು. ನಮ್ಮ ತೃಕ್ಕರಿಪುರದ ಹತ್ತಿರದ ಇಡಯಿಲಕ್ಕಾಡು ಕಾವು ಎಂಬ ದೇವರಕಾಡಿನಲ್ಲೂ ಓಣಂ ಸಮಯಕ್ಕೆ ಊರವರು ಮಂಗಗಳಿಗೆ ಎಲೆ ಹಾಕಿ ಬಡಿಸುತ್ತಾರಲ್ಲ, ಉಪ್ಪು ಹಾಕದ ಅಡುಗೆ. ಅದಕ್ಕೊಂದು ಕ್ರಮ ಇದೆ. ಸೆಲ್ಫಿಗಾಗಿ ಬಿಸ್ಕೆಟು ತೋರಿಸುವುದು ಬೇರೆ ಸಂಗತಿ.

ಅದು ಮೃಗಾಲಯ ಅಲ್ಲ, ಅದನ್ನೂ ಹೇಳಬೇಕು. ಪಾದಂಗ್‌ತೆಗಲ್ ಎಂಬ ಊರಿನವರ ದೇವರಕಾಡು, ನೋಡಿಕೊಳ್ಳುವುದು ಆ ಊರವರೇ. ಒಳಗೆ ಮೂರು ದೇವಸ್ಥಾನ. ಅದರಲ್ಲಿ ಪ್ರಜಾಪತಿಯ ಗುಡಿಯ ಮಗ್ಗುಲಲ್ಲಿ ಸ್ಮಶಾನ. ತೀರಿಕೊಂಡವರನ್ನು ಅಲ್ಲಿ ಹೂತಿಟ್ಟು, ಐದು ವರ್ಷಕ್ಕೊಮ್ಮೆ ಎಲ್ಲರಿಗೂ ಒಟ್ಟಿಗೆ ದಹನ ಮಾಡುತ್ತಾರೆ. ನಮ್ಮ ನಾಗಬನಕ್ಕೆ ಹೊರಗಿನವರು ಚಿಪ್ಸು ತಿನ್ನುತ್ತ ಬಂದರೆ ನಿನ್ನಜ್ಜ ಸುಮ್ಮನಿರುತ್ತಿದ್ದರೇ? ರಸ್ತೆಯಲ್ಲಿ, ಅಂಗಡಿಯ ಹೊಸ್ತಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು ಇಟ್ಟಿರುತ್ತಾರೆ, ಚಾನಾಂಗ್ ಎಂದು. ಕಾಲಡಿ ನೋಡಿ ನಡೆ.

ಅಲ್ಲಿ ಒಂದು ಮರ ಕಂಡು ನಾನು ನಿಂತೇಬಿಟ್ಟೆ. ಅವರು ಪುಲೆ ಎನ್ನುತ್ತಾರೆ. ನೋಡಿದರೆ ನಮ್ಮ ಹಾಲೆ ಮರ! ಆಟಿ ಅಮಾವಾಸ್ಯೆಯ ಬೆಳಗ್ಗೆ ಬೆಳಕು ಹರಿಯುವ ಮೊದಲು ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆದು, ಅಜ್ಜಿ ಕಷಾಯ ಕುಡಿಸುತ್ತಿದ್ದರಲ್ಲ, ನೀನು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದ ಅದೇ ಮರ. ಅವರು ಅದರಲ್ಲಿ ದೇವರ ಮುಖವಾಡ ಕೆತ್ತುತ್ತಾರೆ. ಮರವನ್ನು ಕಡಿದು ಬೀಳಿಸುವುದಿಲ್ಲ. ಒಳ್ಳೆಯ ದಿನ ನೋಡಿ, ಪೂಜಾರಿ ಮರದಲ್ಲಿ ಅಪ್ಪಣೆ ಕೇಳಿ, ಬೇಕಾದಷ್ಟೇ ತುಂಡು ತೆಗೆಯುತ್ತಾರೆ. ನಾನು ತೊಗಟೆ ಮುಟ್ಟಿ ನೋಡಿದೆ. ಈ ಸಲ ಅಮಾವಾಸ್ಯೆಗೆ ನೀನು ಊರಿನಲ್ಲಿರುವುದಿಲ್ಲ, ನೀನೂ ಮುಟ್ಟಿ ಬಾ.

ಗಾಳಿಮಳೆ ಬಂದರೆ ಮಾತ್ರ ಮರದಡಿ ನಿಲ್ಲಬೇಡ. 2024ರ ಡಿಸೆಂಬರಿನಲ್ಲಿ ಅದೇ ಕಾಡಿನಲ್ಲಿ ಮರ ಬಿದ್ದು ಇಬ್ಬರು ಪ್ರವಾಸಿಗಳು ತೀರಿಹೋದರು. ಹೊರಗೆ ಹೋಗಿ ಎಂದರೆ ಫೋಟೋ ಬಾಕಿ ಇದೆ ಎಂದು ವಾದ ಮಾಡಬೇಡ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತಾರೆ, ಆಗಲೇ ಹೋದರೆ ಜನ ಕಡಿಮೆ.

ಸಂಜೆ ಕೆಚಕ್ ನೋಡು. ಚೆಂಡೆ ಇಲ್ಲ, ಮದ್ದಳೆ ಇಲ್ಲ, ಹತ್ತಾರು ಗಂಡಸರು ವೃತ್ತವಾಗಿ ಕೂತು ಬಾಯಲ್ಲೇ ಚಕ್ ಚಕ್ ಎನ್ನುತ್ತ ರಾಮಾಯಣ ಆಡಿಸುತ್ತಾರೆ. ಹಳೆಯದೆಂದು ತೋರಿದರೂ ಈ ರೂಪ ಬಂದದ್ದು 1930ರ ದಶಕದಲ್ಲಿ. ಯಕ್ಷಗಾನ ನೋಡಿ ಬೆಳೆದ ಕುಂಬಳೆ ಸೀಮೆಯವರಾದ ನಮಗೆ ಹನುಮಂತನ ಪ್ರವೇಶ ಸ್ವಲ್ಪ ಸಪ್ಪೆ ಎನಿಸಿತು, ಅದು ನಮ್ಮ ಕೊಬ್ಬು.

ದೊಡ್ಡಮ್ಮ ಈ ಕಾಗದದ ಜೊತೆ ಹಪ್ಪಳದ ಕಟ್ಟು ಕಳುಹಿಸುತ್ತಿದ್ದಾಳೆ. ಅದು ಬೆಂಗಳೂರಿನಲ್ಲೇ ಇರಲಿ.

ಇಂತು ಆಶೀರ್ವಾದಗಳು,
ನಿನ್ನ ದೊಡ್ಡಪ್ಪ