ಕಳ್ಳಿ ನೀರಿನ ಟ್ಯಾಂಕ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ‘ಮರಳುಗಾಡಿನ ನೀರಿನ ಟ್ಯಾಂಕ್’ ಅಂತ ಒಂದು ಚೌಕ ಹಾಕಿದ್ದೀರಿ. ಬಾಯಾರಿದ ದಾರಿಹೋಕ ಕಳ್ಳಿಯ ತಲೆ ಕತ್ತರಿಸಿ, ಒಳಗಿನ ನೀರನ್ನು ಲೋಟದಲ್ಲಿ ಮೊಗೆದು ಕುಡಿಯುವ ಚಿತ್ರ. ಚಿತ್ರವೇನೋ ಚೆನ್ನಾಗಿದೆ. ವಿಷಯ ಮಾತ್ರ ಸುಳ್ಳು, ಅದೂ ಅಪಾಯದ ಸುಳ್ಳು. ನಾನು ಚಳ್ಳಕೆರೆ ಕಡೆಯವಳು. ಈಗ ಇರುವುದು ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಅನ್ನುವ ಊರಿನಲ್ಲಿ. ಸುತ್ತ ಸೊನೋರಾ ಮರುಭೂಮಿ. ಮನೆ ಬಾಗಿಲು ತೆಗೆದರೆ ಎದುರಿಗೇ ಕಳ್ಳಿ. ಓದಿ ಸುಮ್ನೆ ಇರಲಾಗಲಿಲ್ಲ.

ಇಲ್ಲಿನ ದೊಡ್ಡ ಕಳ್ಳಿಯ ಹೆಸರು ಸವಾರೊ. ಸಿನಿಮಾಗಳಲ್ಲಿ ಎರಡು ಕೈ ಎತ್ತಿ ನಿಂತಿರುತ್ತಲ್ಲ, ಅದೇ. ಹನ್ನೆರಡು ಮೀಟರಿಗೂ ಮೀರಿ ಬೆಳೆಯುತ್ತದೆ. ಹೋದ ವರ್ಷ ನಮ್ಮ ಬೀದಿಯಲ್ಲಿ ಅಂಥದೊಂದು ಉರುಳಿಬಿತ್ತು. ಸೀಳಿದ ಕೈಯೊಳಗೆ ನೋಡಿದೆ. ನೀರು ಸುರಿಯಲಿಲ್ಲ, ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ಇದ್ದದ್ದು ಬಿಳಿಚಿಕೊಂಡ ಹಸಿರು ತಿರುಳು. ಒತ್ತಿದರೆ ಬೆಂಡೆಕಾಯಿ ಕೊಯ್ದಾಗ ಬರುವಂಥ ಲೋಳೆ. ಸ್ವಲ್ಪ ಹೊತ್ತಿಗೆ ಸೀಳಿದ ಜಾಗವೆಲ್ಲ ಕಪ್ಪಾಗತೊಡಗಿತು. ತಿರುಳಿನ ನಡುವೆ ಕೋಲು ಕೋಲಾಗಿ ಮರದ ದಬ್ಬೆಗಳು. ಗಿಡ ನೇರ ನಿಲ್ಲುವುದು ಅವುಗಳ ಬಲದಿಂದ.

ನೀರು ಇದೆ, ಇಲ್ಲ ಅನ್ನುತ್ತಿಲ್ಲ. ಮಳೆಗಾಲದಲ್ಲಿ ಗಿಡದ ತೂಕದ ಮುಕ್ಕಾಲಿಗಿಂತ ಜಾಸ್ತಿ ಪಾಲು ನೀರೇ. ಆದರೆ ಅದೆಲ್ಲ ತಿರುಳಿನ ಕಣಕಣದಲ್ಲಿ ಲೋಳೆಯ ಜೊತೆ ಅಂಟಿಕೊಂಡಿರುತ್ತದೆ. ಜೊತೆಗೆ ಆಕ್ಸಾಲಿಕ್ ಆಮ್ಲ, ಆಲ್ಕಲಾಯ್ಡ್ ಅನ್ನುವ ಕಹಿ ರಾಸಾಯನಿಕಗಳು. ಬಾಯಾರಿದವನು ಇದನ್ನು ಹಿಂಡಿ ಕುಡಿದರೆ ವಾಂತಿ, ಭೇದಿ ಶುರುವಾಗಬಹುದು. ಮೈಯಲ್ಲಿ ಉಳಿದಿದ್ದ ನೀರೂ ಹೋಗುತ್ತದೆ. ನಿಮ್ಮ ಚಿತ್ರದಲ್ಲಿರುವ ದುಂಡನೆಯ ಬ್ಯಾರೆಲ್ ಕಳ್ಳಿಯ ಕಥೆಯೂ ಹೆಚ್ಚುಕಡಿಮೆ ಇದೇ. ದಯವಿಟ್ಟು ಒಂದು ತಿದ್ದುಪಡಿ ಹಾಕಿ.

ನೀರು ಕೂಡಿಡುವ ರೀತಿಯನ್ನು ಬರೆದಿದ್ದರೆ ಮಕ್ಕಳು ಇನ್ನೂ ಖುಷಿಯಿಂದ ಓದುತ್ತಿದ್ದರು. ಸವಾರೊದ ಮೈತುಂಬಾ ಉದ್ದುದ್ದ ನೆರಿಗೆ. ಜೂನ್ ಹೊತ್ತಿಗೆ ಬಂದು ನೋಡಬೇಕು, ನೆರಿಗೆಗಳ ಸಂದು ಆಳವಾಗಿ ಒಳಗೆ ಸರಿದಿರುತ್ತದೆ. ಜುಲೈನಲ್ಲಿ ಇಲ್ಲಿನ ಮಳೆ ಶುರು. ನಾಲ್ಕು ಒಳ್ಳೆ ಮಳೆ ಬಿದ್ದರೆ ಸಂದು ಅಗಲವಾಗಿ ಗಿಡ ದಪ್ಪಗಾಗುತ್ತದೆ. ಚರ್ಮ ಹರಿಯದೆ ಹಿಗ್ಗಲು, ಮತ್ತೆ ಕುಗ್ಗಲು ಈ ನೆರಿಗೆ.

ಇನ್ನು ಬೇರು. ಮರುಭೂಮಿಯ ಗಿಡದ ಬೇರು ಪಾತಾಳಕ್ಕೆ ಇಳಿದಿರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲಿನ ಜಾಲಿಯ ನೆಂಟ ಮೆಸ್ಕೀಟ್ ಮರದ ಮಟ್ಟಿಗೆ ಅದು ನಿಜ. ಅದರ ಬೇರು ಐವತ್ತು ಮೀಟರ್ ಆಳದಲ್ಲೂ ಸಿಕ್ಕಿದೆ. ಸವಾರೊದ್ದು ಪೂರಾ ಉಲ್ಟಾ. ನಡುವೆ ಒಂದು ಗಿಡ್ಡ ತಾಯಿಬೇರು ಬಿಟ್ಟರೆ ಉಳಿದದ್ದೆಲ್ಲ ಗೇಣುದ್ದ ಮಣ್ಣಿನೊಳಗೇ. ಗಿಡ ಎಷ್ಟು ಎತ್ತರವೋ ಸುಮಾರು ಅಷ್ಟೇ ದೂರ ಸುತ್ತಲೂ ಹರಡಿರುತ್ತದೆ. ವರ್ಷಕ್ಕೆ ಬೀಳುವುದೇ ಸುಮಾರು 280 ಮಿಲಿಮೀಟರ್ ಮಳೆ, ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಎಷ್ಟೋ ಸಲ ಮೇಲ್ಮಣ್ಣು ಮಾತ್ರ ನೆನೆಯುತ್ತದೆ. ಅದು ಆವಿಯಾಗುವ ಮೊದಲೇ ಹೀರಿಕೊಳ್ಳಬೇಕಲ್ವಾ? ಮಣ್ಣು ಒದ್ದೆಯಾದರೆ ಸಾಕು, ಹಳೆ ಬೇರಿನಿಂದ ಕೂದಲಿನಂಥ ಹೊಸ ಬೇರು ಬೇಗ ಚಿಗುರುತ್ತವೆ. ನೆಲ ಒಣಗಿದ ಮೇಲೆ ಉದುರಿಹೋಗುತ್ತವೆ. ಉಳಿದ ಬೇರು ಸ್ವಲ್ಪ ಕುಗ್ಗಿ ಮಣ್ಣಿನಿಂದ ಬಿಡಿಸಿಕೊಳ್ಳುತ್ತದೆ. ನಡುವೆ ಗಾಳಿಯ ಸಂದು. ಗಿಡದೊಳಗಿನ ನೀರನ್ನು ಒಣಮಣ್ಣು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ. ನನಗಂತೂ ಇದೇ ಎಲ್ಲಕ್ಕಿಂತ ಜಾಣತನ ಅನ್ನಿಸುತ್ತದೆ.

ನಮ್ಮ ಬೀದಿಯ ಗಿಡ ಬಿದ್ದದ್ದಕ್ಕೆ ಕಾರಣ ಬರ ಅಲ್ಲ. ಪಕ್ಕದ ಹುಲ್ಲುಹಾಸಿಗೆಂದು ದಿನಾ ಬಿಡುತ್ತಿದ್ದ ನೀರು ಬುಡಕ್ಕೆ ಹರಿದು ಬೇರು ಕೊಳೆತಿತ್ತು. ಬೆಂಗಳೂರಿನಲ್ಲಿ ಮೇಜಿನ ಮೇಲೆ ಪುಟ್ಟ ಕಳ್ಳಿ ಇಟ್ಟುಕೊಂಡು ದಿನಾ ನೀರು ಹನಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಕೂಡಿಟ್ಟ ನೀರನ್ನು ಹಗಲಲ್ಲಿ ಕಾಯುವುದು ಹೇಗೆ? ಹೆಚ್ಚಿನ ಗಿಡಗಳು ಹಗಲು ಹೊತ್ತು ಮೈಯ ಸಣ್ಣ ತೂತು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿ ಹಗಲೆಲ್ಲ ಬಾಗಿಲು ಮುಚ್ಚಿ, ತಂಪಾದ ರಾತ್ರಿ ತೆರೆಯುತ್ತದೆ. ಒಳಗೆ ಬಂದದ್ದನ್ನು ಮ್ಯಾಲಿಕ್ ಆಮ್ಲ ಅನ್ನುವ ಹುಳಿ ಮಾಡಿ ಇಟ್ಟುಕೊಂಡು, ಮರುದಿನ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ರಾತ್ರಿಯೂ ತಂಪಾಗದಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. 2023ರ ಬೇಸಿಗೆಯಲ್ಲಿ ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಮುಟ್ಟಿತ್ತು. ಎಷ್ಟೋ ರಾತ್ರಿ 32 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಲ್ಲಿ ಸವಾರೊಗಳ ಕೈ ಕಳಚಿ ಬಿದ್ದವು, ಕೆಲವು ಪೂರ್ತಿ ಕುಸಿದವು. ನೂರೈವತ್ತು ವರ್ಷ ಬಾಳಬಲ್ಲ ಗಿಡಗಳು ಅವು.

ಈ ಹುಳಿಯ ಗುಟ್ಟಿಗೂ ಕರ್ನಾಟಕಕ್ಕೂ ನಂಟಿದೆ. ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯತಜ್ಞ ಒಂದು ಗಿಡದ ಎಲೆ ಅಗಿದು ನೋಡಿದ್ದ. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ. ಅದನ್ನು ಕಾಗದದಲ್ಲಿ ಬರೆದು ಲಂಡನ್‌ನ ಲಿನ್ನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನಿಗಳ ಸಂಘಕ್ಕೆ ಕಳಿಸಿದ. 1815ರಲ್ಲಿ ಅಚ್ಚಾಯಿತು. ಆ ಗಿಡ ನಮ್ಮ ಕಾಡುಬಸಳೆ, ಅದೂ ಕಳ್ಳಿಯ ಹಾಗೇ ರಾತ್ರಿ ಹುಳಿ ಕೂಡಿಡುತ್ತದೆ. ಎಲೆ ಬಿದ್ದಲ್ಲೇ ಅಂಚಿನಿಂದ ಮರಿ ಹುಟ್ಟುತ್ತವಲ್ಲ, ಅದೇ. ಚೌಕದಲ್ಲಿ ಜಾಗ ಇದ್ದರೆ ತಿದ್ದುಪಡಿಯ ಕೆಳಗೆ ಇದನ್ನೂ ಹಾಕಿ. ಮನೆಯ ಹಿರಿಯರನ್ನು ಕೇಳಿ, ಗಿಡದ ಗುರುತು ಖಾತ್ರಿ ಮಾಡಿಕೊಂಡು, ಸೂರ್ಯ ಏಳುವ ಹೊತ್ತಿಗೆ ಒಂದು ಚೂರು, ಸಂಜೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಲಿ.

ಇಂತಿ,
ನಿಮ್ಮ ಓದುಗಿ,
ಟೂಸಾನ್, ಅರಿಜೋನಾ