ಪ್ರವಾಸದ ಮುಚ್ಚಳಿಕೆ ಮಕ್ಕಳನ್ನು ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ದಸರಾ ರಜೆ ಮುಗಿಯುತ್ತಿದ್ದಂತೆ ರಾಜ್ಯದ ದೊಡ್ಡ ಊರುಗಳ ಖಾಸಗಿ ಶಾಲೆಗಳಿಂದ ಸಿಂಗಪುರ, ದುಬೈ ಪ್ರವಾಸದ ಸುತ್ತೋಲೆಗಳು ಪೋಷಕರ ಮೊಬೈಲಿಗೆ ಬರತೊಡಗುತ್ತವೆ. ಅವುಗಳ ಬೆನ್ನಿಗೇ ಒಂದು ಮುಚ್ಚಳಿಕೆಯೂ ಬರುತ್ತದೆ. ನನ್ನ ಕೈಗೆ ಬಂದ ಅಂಥದೊಂದು ಪತ್ರದಲ್ಲಿ, ಅಶಿಸ್ತು ತೋರಿದ ವಿದ್ಯಾರ್ಥಿಯನ್ನು ಪೋಷಕರ ಖರ್ಚಿನಲ್ಲೇ ವಾಪಸು ಕಳಿಸಲಾಗುವುದು ಎಂಬ ಷರತ್ತಿನ ಕೆಳಗೇ ಯಾವುದೇ ಅವಘಡ, ಅನಾರೋಗ್ಯ ಅಥವಾ ನಷ್ಟಕ್ಕೆ ಶಾಲೆ ಹೊಣೆಯಲ್ಲ ಎಂಬ ಇನ್ನೊಂದು ಷರತ್ತೂ ಇತ್ತು. ರಾತ್ರಿ ಹೋಟೆಲಿನ ಯಾವ ಮಹಡಿಯಲ್ಲಿ ಯಾವ ಶಿಕ್ಷಕರು ಇರುತ್ತಾರೆ, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಆಗ ಉಳಿದ ಮಕ್ಕಳ ಜೊತೆ ಯಾರಿರುತ್ತಾರೆ ಎಂಬುದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ.

ಮುಚ್ಚಳಿಕೆ ಬರೆಸಿಕೊಂಡ ಮಾತ್ರಕ್ಕೆ ಕೈತೊಳೆದುಕೊಳ್ಳಬಹುದು ಎಂದು ಆಡಳಿತ ಮಂಡಳಿಗಳು ನಂಬಿದ್ದರೆ ಅವು ನಮ್ಮದೇ ಊರಿನ ಪ್ರಕರಣವೊಂದನ್ನು ಓದಿಕೊಳ್ಳುವುದು ಒಳ್ಳೆಯದು. 2006ರ ಡಿಸೆಂಬರಿನಲ್ಲಿ ಬೆಂಗಳೂರಿನ ಶಾಲೆಯೊಂದರಿಂದ ಉತ್ತರ ಭಾರತಕ್ಕೆ ಪ್ರವಾಸ ಹೋಗಿದ್ದ ಒಂಬತ್ತನೇ ತರಗತಿಯ ಹುಡುಗಿಗೆ ಜ್ವರ ಬಂದಿತು. ಜೊತೆಯಲ್ಲಿದ್ದವರು ಅದನ್ನು ಸಕಾಲದಲ್ಲಿ ಗಂಭೀರವಾಗಿ ಪರಿಗಣಿಸದ ಕಾರಣ ಮಿದುಳಿನ ಸೋಂಕು ಉಲ್ಬಣಿಸಿ ಆಕೆ ಹಾಸಿಗೆ ಹಿಡಿಯಬೇಕಾಯಿತು. ರಾಜ್ಯ ಗ್ರಾಹಕ ಆಯೋಗ ಸುಮಾರು 88 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಮೊತ್ತವನ್ನೇ ಎತ್ತಿಹಿಡಿಯಿತು. ಆ ಹುಡುಗಿಯ ಕಡೆಯಿಂದ ಯಾವ ಅಶಿಸ್ತೂ ನಡೆದಿರಲಿಲ್ಲ. ಅದಕ್ಕೂ ಮೊದಲು, 1995ರಲ್ಲಿ ಪಂಜಾಬಿನ ಶಾಲೆಯೊಂದರ 14 ಮಕ್ಕಳು ವಿಹಾರಕ್ಕೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲೂ ಶಾಲೆ ಪರಿಹಾರ ಕೊಡಲೇಬೇಕೆಂದು ಇದೇ ನ್ಯಾಯಾಲಯ ಹೇಳಿತ್ತು.

ಹಾಗೆಂದು ಮಕ್ಕಳ ನಡವಳಿಕೆ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ವಿದೇಶದಲ್ಲಂತೂ ಇಲ್ಲಿ ತುಂಟತನವೆನಿಸಿದ್ದು ಅಲ್ಲಿ ಅಪರಾಧವಾಗುತ್ತದೆ. ಸಿಂಗಪುರದಲ್ಲಿ 2018ರಿಂದ ವೇಪ್ (ಇ-ಸಿಗರೇಟ್) ಸೇದುವುದಷ್ಟೇ ಅಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುವುದೂ ಕಾನೂನುಬಾಹಿರ. ಮೆಟ್ರೊ ರೈಲಿನಲ್ಲಿ ನೀರು ಕುಡಿದರೂ ದಂಡ ಬೀಳಬಹುದು. 1994ರಲ್ಲಿ ಕಾರುಗಳಿಗೆ ಬಣ್ಣ ಎರಚಿದ ಆರೋಪ ಹೊತ್ತ ಹದಿನೆಂಟರ ಅಮೆರಿಕದ ಹುಡುಗನ ಪರವಾಗಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಮನವಿ ಮಾಡಿಕೊಂಡರೂ ಆರು ಛಡಿಯೇಟು ನಾಲ್ಕಕ್ಕೆ ಇಳಿದವೇ ಹೊರತು ಶಿಕ್ಷೆ ರದ್ದಾಗಲಿಲ್ಲ. ಇಂಥ ಸಂಗತಿಗಳನ್ನು ತರಗತಿಯಲ್ಲಿ ಕೂರಿಸಿ ಬಿಡಿಸಿ ಹೇಳಿದರೆ ಹದಿಹರೆಯದವರಿಗೆ ಖಂಡಿತ ಅರ್ಥವಾಗುತ್ತದೆ. 'ಶಾಲೆಯ ಘನತೆಗೆ ಕುಂದು ತರುವ ವರ್ತನೆ' ಎಂಬ ಮುಚ್ಚಳಿಕೆಯ ಮಾತು ಅವರಿಗೆ ಏನನ್ನೂ ತಿಳಿಸುವುದಿಲ್ಲ. ಅಂದಹಾಗೆ ಈ ಪಾಠ ನಮಗೂ ಬೇಕು. ಯುಎಇಗೆ ಗಸಗಸೆ ಒಯ್ಯುವಂತಿಲ್ಲ ಎಂಬುದನ್ನು ತಿಳಿಯದೆ, ದುಬೈಗೆ ಹೊರಟ ಮಗನ ಚೀಲಕ್ಕೆ ಗಸಗಸೆ ಹಾಕಿದ ಕರ್ಜಿಕಾಯಿ ತುಂಬುವ ಅಜ್ಜಿಯರು ನಮ್ಮಲ್ಲಿದ್ದಾರೆ. ಕೊಡೀನ್ ಎಂಬ ಮಾದಕ ಅಂಶ ಇರುವ ಕೆಮ್ಮಿನ ಸಿರಪ್ಪನ್ನು ವೈದ್ಯರ ಚೀಟಿಯಾಗಲಿ ಅನುಮತಿಯಾಗಲಿ ಇಲ್ಲದೆ ಕಳಿಸುವುದೂ ಅಷ್ಟೇ ಅಪಾಯಕಾರಿ.

ನನ್ನ ಮುಖ್ಯ ಆಕ್ಷೇಪವಿರುವುದು ವಾಪಸು ಕಳಿಸುವ ಬೆದರಿಕೆಯ ಬಗ್ಗೆ. ಅಂಥ ಬೆದರಿಕೆಯಿರುವ ಗುಂಪಿನಲ್ಲಿ ಮಕ್ಕಳು ಮೊದಲು ಕಲಿಯುವುದು ಮುಚ್ಚಿಡುವುದನ್ನು. ಕೋಣೆಯ ಗೆಳೆಯ ರಾತ್ರಿ ಹನ್ನೊಂದಕ್ಕೆ ಕಾವಲಿಲ್ಲದ ಈಜುಕೊಳಕ್ಕೆ ಇಳಿದದ್ದನ್ನಾಗಲಿ, ವಾಂತಿ ಮಾಡಿಕೊಳ್ಳುತ್ತಿರುವುದನ್ನಾಗಲಿ ಶಿಕ್ಷಕರಿಗೆ ಹೇಳಿದರೆ ತನಗೂ ಶಿಕ್ಷೆಯಾದೀತು ಎಂದು ಹುಡುಗ ಹಿಂಜರಿದರೆ, ಆ ಕಳೆದುಹೋದ ಅರ್ಧ ಗಂಟೆಗೆ ಯಾವ ಮುಚ್ಚಳಿಕೆಯೂ ಉತ್ತರ ಕೊಡಲಾರದು. ತೊಂದರೆಯನ್ನು ಬಂದು ತಿಳಿಸಿದವರನ್ನು, ಅವರೂ ಆ ತಪ್ಪಿನಲ್ಲಿ ಪಾಲುಗೊಂಡಿದ್ದರೂ, ಅಂದು ರಾತ್ರಿ ಪ್ರಶ್ನಿಸುವುದಿಲ್ಲ ಎಂದು ಹೊರಡುವ ಮುನ್ನವೇ ಮುಖ್ಯ ಶಿಕ್ಷಕರು ಮಕ್ಕಳೆದುರು ಹೇಳಬೇಕು. ವಿಚಾರಣೆ ಊರಿಗೆ ಮರಳಿದ ಮೇಲೂ ನಡೆಯಬಹುದು.

ಮಕ್ಕಳ ಜೊತೆ ಹೋಗುವ ಶಿಕ್ಷಕರ ಸ್ಥಿತಿಯನ್ನೂ ನೋಡಬೇಕು. ಹಗಲಿಡೀ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ತಲೆ ಎಣಿಸಿ ದಣಿದವರೇ ರಾತ್ರಿಯೂ ಕಾರಿಡಾರಿನಲ್ಲಿ ಕಾವಲು ಕೂರಬೇಕು ಎಂದು ನಿರೀಕ್ಷಿಸುವುದು ಅವರಿಗೂ ಮಾಡುವ ಅನ್ಯಾಯ. ಸರದಿ ಹಾಕಲು ಸಾಲುವಷ್ಟು ಜನರನ್ನು ಕಳಿಸಿದರೆ ಪ್ರವಾಸದ ಶುಲ್ಕ ಏರುತ್ತದೆ ಎಂಬುದು ನಿಜ. ಏರಲಿ, ಇಲ್ಲವೇ ಪ್ರವಾಸ ಹತ್ತಿರದ ಊರಿಗೆ ಆಗಲಿ. ಟ್ರಾವೆಲ್ಸ್‌ನವರು ಕಳಿಸುವ ಗೈಡ್ ದಾರಿ ತೋರಿಸಬಲ್ಲನೇ ಹೊರತು ಮಕ್ಕಳ ಪಾಲಕನಾಗಲಾರ.

ಶಾಲಾ ಶಿಕ್ಷಣ ಇಲಾಖೆಯು ವಿದೇಶ ಪ್ರವಾಸಕ್ಕೆ ಹೊರಡುವ ಪ್ರತಿ ಶಾಲೆಯೂ ರಾತ್ರಿ ಸರದಿಯ ಶಿಕ್ಷಕರ ಹೆಸರು, ವಿಮೆಯ ಪ್ರತಿ, ಆಸ್ಪತ್ರೆಯ ವಿವರ ಮತ್ತು ಆ ದೇಶದ ತುರ್ತು ಸಂಖ್ಯೆಗಳನ್ನು ಪೋಷಕರಿಗೆ ಲಿಖಿತವಾಗಿ ಕೊಡುವುದನ್ನು ಕಡ್ಡಾಯಗೊಳಿಸಬೇಕು. ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಷರತ್ತುಗಳನ್ನು ಮುಚ್ಚಳಿಕೆಯಿಂದ ತೆಗೆಸಬೇಕು. ಅಂಥ ಆದೇಶ ಬರುವವರೆಗೆ ಪೋಷಕರು ಮೊದಲ ಕಂತು ಕಟ್ಟುವ ಮುನ್ನವೇ ಈ ವಿವರಗಳನ್ನು ಕೇಳಿ ಪಡೆಯುವುದು ಒಳಿತು. ಹಣ ಕಟ್ಟಿದ ಮೇಲೆ ಕೇಳಿದರೆ ಉತ್ತರ ಕೊಡುವ ಅವಸರ ಯಾರಿಗೂ ಇರುವುದಿಲ್ಲ.

ಇಂತಿ,
ಪೋಷಕರೊಬ್ಬರು
ಬೆಂಗಳೂರು